ಮಣ್ಣು ಹಿಡಿದುದು, ನೀರು ಒಯ್ದುದು

ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ದಕಾರ್ಗಲವೆಂಬುದೊಂದು ಅಧ್ಯಾಯವಿದೆ. ನೆಲದೊಳಗೆ ನೀರು ಎಲ್ಲಿ, ಎಷ್ಟು ಆಳದಲ್ಲಿ ದೊರೆಯುವುದೆಂಬುದನ್ನು ಮರ, ಹುತ್ತ, ಮಣ್ಣಿನ ಬಣ್ಣ ಮೊದಲಾದ ಲಕ್ಷಣಗಳಿಂದ ಅರಿಯುವ ಬಗೆಯನ್ನು ಅದರಲ್ಲಿ ಹೇಳಿದೆ. ಮನುಷ್ಯನ ಶರೀರದಲ್ಲಿ ನಾಳಗಳಿರುವಂತೆ ಭೂಮಿಯಲ್ಲಿಯೂ ಜಲದ ಸಿರೆಗಳು ಮೇಲೆ ಕೆಳಗೆ ಹರಿಯುತ್ತಿರುವುವೆಂದೂ, ಆಕಾಶದಿಂದ ಬೀಳುವ ನೀರಿಗೆ ಒಂದೇ ಬಣ್ಣ ಒಂದೇ ರುಚಿಯಿದ್ದರೂ ಭೂಮಿಯ ಭೇದದಿಂದ ಅದು ನಾನಾ ವರ್ಣ ನಾನಾ ರಸಗಳನ್ನು ಹೊಂದುವುದೆಂದೂ ಆತನು ಆರಂಭದಲ್ಲಿಯೇ ತಿಳಿಸುತ್ತಾನೆ. ಆತನು ಹೇಳಿದ ಲಕ್ಷಣಗಳನ್ನೆಲ್ಲ ಈಗ ಯಾರೂ ಪ್ರಮಾಣವಾಗಿ ಹಿಡಿಯಬೇಕಾಗಿಲ್ಲ. ಆದರೆ ನೀರು ನೆಲದೊಳಗೆ ಸುಮ್ಮನೆ ಇಳಿಯುವುದಿಲ್ಲ, ಮಣ್ಣಿನೊಡನೆ ಕೊಡು-ಕೊಳ್ಳುವ ವ್ಯವಹಾರವನ್ನು ನಡೆಸುತ್ತ ಇಳಿಯುತ್ತದೆ ಎಂಬ ಮಾತು ಇಂದಿಗೂ ನಿಜ. ಆ ವ್ಯವಹಾರವನ್ನು ಅರ್ಧಮಾತ್ರ ತಿಳಿದು, ಅತ್ಯಂತ ಅಪಾಯಕರವಾದ ಕೊಳಚೆಯನ್ನು ಮಣ್ಣಿಗೆ ಒಪ್ಪಿಸಿದ ಒಂದು ಸ್ಥಳದ ವೃತ್ತಾಂತವನ್ನು ವಾಚಕರ ಮುಂದಿಡಬೇಕೆಂದಿದ್ದೇವೆ. ಅದರ ಹೆಸರು ಹ್ಯಾನ್‌ಫರ್ಡ್.

ಹ್ಯಾನ್‌ಫರ್ಡ್ ಇರುವುದು ಅಮೆರಿಕದ ವಾಯವ್ಯ ಮೂಲೆಯ ವಾಷಿಂಗ್‌ಟನ್ ಸಂಸ್ಥಾನದಲ್ಲಿ, ಕೊಲಂಬಿಯಾ ಎಂಬ ಮಹಾನದಿಯು ದೊಡ್ಡದಾಗಿ ಬಳಸಿ ತಿರುಗುವ ತಾಣದಲ್ಲಿ. ೧೯೪೩ರ ಆರಂಭದವರೆಗೆ ಅಲ್ಲಿ ಹಣ್ಣಿನ ತೋಟಗಳನ್ನು ಮಾಡಿಕೊಂಡಿದ್ದ ಒಕ್ಕಲುಮಕ್ಕಳ ಊರುಗಳಿದ್ದುವು; ನದಿಯ ಮೀನನ್ನು ನಂಬಿ ತಲೆತಲಾಂತರದಿಂದ ಬದುಕಿದ್ದ ವಾನಾಪಮ್ ಎಂಬ ಮೂಲನಿವಾಸಿಗಳಿದ್ದರು. ಮಹಾಯುದ್ಧದ ನಡುವೆ ಸರಕಾರವು ಇವರನ್ನೆಲ್ಲ ಅಲ್ಲಿಂದ ಎಬ್ಬಿಸಿ, ಸುಮಾರು ೫೮೬ ಚದರ ಮೈಲಿಗಳಷ್ಟು ನೆಲವನ್ನು ವಶಪಡಿಸಿಕೊಂಡಿತು. ೧೯೪೫ನೆಯ ಆಗಸ್ಟ್ ೯ರಂದು ನಾಗಸಾಕಿಯ ಮೇಲೆ ಬಿದ್ದ ಬಾಂಬಿನ ಪ್ಲುಟೋನಿಯಂ ತಯಾರಾದುದು ಇಲ್ಲಿಯೇ. ಯುದ್ಧವು ಮುಗಿದ ಮೇಲೂ ಕೆಲಸ ನಿಲ್ಲಲಿಲ್ಲ. ನದಿಯ ದಂಡೆಯುದ್ದಕ್ಕೂ ಒಟ್ಟು ಒಂಬತ್ತು ಪರಮಾಣು ಕುಲುಮೆಗಳು ಎದ್ದುವು. ಅವುಗಳಲ್ಲಿ ಕೊನೆಯದನ್ನು ನಿಲ್ಲಿಸಿದುದು ೧೯೮೭ರಲ್ಲಿ.

ಕುಲುಮೆಯಲ್ಲಿ ಬೆಂದ ಯುರೇನಿಯಂ ತುಂಡುಗಳನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಟನ್ನಿಗೆ ಕೆಲವು ನೂರು ಗ್ರಾಂಗಳಷ್ಟು ಪ್ಲುಟೋನಿಯಮನ್ನು ಬೇರ್ಪಡಿಸಿ ತೆಗೆಯುತ್ತಿದ್ದರು. ಉಳಿದ ದ್ರವವೆಲ್ಲವೂ ಕೊಳಚೆ. ಅದರಲ್ಲಿ ತೀಕ್ಷ್ಣವಾದುದನ್ನು ನೆಲದೊಳಗೆ ಹೂಳಿದ ತೊಟ್ಟಿಗಳಿಗೆ ತುಂಬಿದರು. ಇಂತಹ ತೊಟ್ಟಿಗಳು ೧೭೭; ಅವುಗಳಲ್ಲಿ ೧೪೯ಕ್ಕೆ ಒಳಗೋಡೆ ಒಂದೇ. ಐದು ಕೋಟಿ ಅರುವತ್ತು ಲಕ್ಷ ಗ್ಯಾಲನ್‌ಗಳಷ್ಟು ಕೊಳಚೆಯು ಅವುಗಳಲ್ಲಿ ಶೇಖರವಾಯಿತು. ಅಮೆರಿಕದ ಗ್ಯಾಲನ್ ನಾಲ್ಕು ಲೀಟರಿಗೆ ಸ್ವಲ್ಪ ಕಡಮೆ. ಇಷ್ಟು ತೀಕ್ಷ್ಣವಲ್ಲದ ದ್ರವವನ್ನು, ಎಂದರೆ ತೊಳೆದ ನೀರು, ತಣಿಸಿದ ನೀರು, ಎರಡನೆಯ ದರ್ಜೆಯ ಕಲ್ಮಷ ಇವುಗಳನ್ನು, ನೇರವಾಗಿ ಮಣ್ಣಿಗೇ ಬಿಟ್ಟರು. ನಮ್ಮ ಹಿತ್ತಿಲುಗಳಲ್ಲಿ ಬಚ್ಚಲ ನೀರಿಗಾಗಿ ಜಲ್ಲಿ ತುಂಬಿದ ಇಂಗುಗುಂಡಿಯನ್ನು ತೋಡುವುದಿಲ್ಲವೆ? ಅದೇ ಕ್ರಮ, ಆದರೆ ಅಳತೆ ರಾಕ್ಷಸಾಕಾರದ್ದು. ಇಂಗುಗುಂಡಿ, ಕಾಲುವೆ, ಕೊಳಗಳ ಮೂಲಕ ಅಲ್ಲಿ ನೆಲಕ್ಕಿಳಿದ ದ್ರವವು ಸುಮಾರು ನಾಲ್ವತ್ತೈದು ಸಾವಿರ ಕೋಟಿ ಗ್ಯಾಲನ್ ಎಂದು ಲೆಕ್ಕವಿದೆ.

ಇದನ್ನು ಕೇಳಿದೊಡನೆಯೇ ಅವರನ್ನು ಮೂಢರೆಂದು ತೀರ್ಮಾನಿಸುವುದು ನ್ಯಾಯವಲ್ಲ. ಅವರ ಎಣಿಕೆಗೆ ಆಧಾರವಿತ್ತು. ಅದು ಒಣ ಪ್ರದೇಶ; ವರ್ಷಕ್ಕೆ ಏಳು ಅಂಗುಲ ಮಳೆಯಾದರೆ ಹೆಚ್ಚು. ನಡುವಣ ಎತ್ತರದ ಬಯಲಿನಲ್ಲಿ ಅಂತರ್ಜಲವು ಇನ್ನೂರರಿಂದ ಮುನ್ನೂರು ಅಡಿ ಕೆಳಗಿದ್ದಿತು. ಅಷ್ಟು ದಪ್ಪನಾದ ಒಣ ಮಣ್ಣು ಅರಿವೆಯಂತೆ ದ್ರವವನ್ನು ಹೀರಿಕೊಂಡು ನಿಲ್ಲಿಸುವುದೆಂದೂ, ಹಾನಿಕರವಾದ ಪದಾರ್ಥಗಳು ಮಣ್ಣಿನ ಕಣಗಳಿಗೆ ಅಂಟಿಕೊಳ್ಳುವುವೆಂದೂ ಅವರು ನಂಬಿದರು. ಕೆಲವು ಪದಾರ್ಥಗಳ ವಿಷಯದಲ್ಲಿ ಈ ನಂಬಿಕೆಯು ದಿಟವಾಯಿತು. ಎಲ್ಲವುಗಳ ವಿಷಯದಲ್ಲಿ ಆಗಲಿಲ್ಲ.

ಇಲ್ಲಿ ಎರಡು ಸಂಗತಿಗಳನ್ನು ತಿಳಿಯದೆ ಮುಂದೆ ಹೋಗುವಂತಿಲ್ಲ. ಮೊದಲನೆಯದು ವಿಕಿರಣಶೀಲತೆ. ಕೆಲವು ಪರಮಾಣುಗಳು ಸ್ಥಿರವಾಗಿರಲಾರದೆ, ಕಿರಣಗಳನ್ನು ಹೊರಸೂಸಿ ಬೇರೆ ಪರಮಾಣುಗಳಾಗಿ ಮಾರ್ಪಡುತ್ತವೆ. ಬೆಂಕಿಯಿಂದಾಗಲಿ ಆಮ್ಲದಿಂದಾಗಲಿ ಇದನ್ನು ಬೇಗ ಮಾಡಿಸಲೂ ತಡೆಯಲೂ ಬಾರದು. ಇರುವ ಪರಮಾಣುಗಳಲ್ಲಿ ಅರ್ಧದಷ್ಟು ಹೀಗೆ ಕ್ಷಯಿಸಲು ಬೇಕಾಗುವ ಕಾಲವನ್ನು ಅರ್ಧಾಯುಸ್ಸೆಂದು ಕರೆಯುತ್ತಾರೆ. ಒಂದು ಅರ್ಧಾಯುಸ್ಸು ಕಳೆದರೆ ಅರ್ಧ ಉಳಿಯುವುದು, ಎರಡು ಕಳೆದರೆ ಕಾಲು, ಮೂರು ಕಳೆದರೆ ಅರೆಕಾಲು. ಹತ್ತು ಕಳೆದಾಗ ಸಾವಿರದಲ್ಲೊಂದು ಪಾಲಿಗೆ ಇಳಿದಿರುತ್ತದೆ. ಟ್ರೀಷಿಯಮಿಗೆ ಹನ್ನೆರಡು ವರ್ಷಕ್ಕೆ ಸ್ವಲ್ಪ ಹೆಚ್ಚು, ಸ್ಟ್ರಾನ್ಷಿಯಂ-೯೦ಕ್ಕೆ ಇಪ್ಪತ್ತೊಂಬತ್ತು, ಸೀಸಿಯಂ-೧೩೭ಕ್ಕೆ ಮೂವತ್ತು, ಪ್ಲುಟೋನಿಯಂ-೨೩೯ಕ್ಕೆ ೨೪,೧೦೦ ವರ್ಷ. ಟೆಕ್ನೀಷಿಯಂ-೯೯ಕ್ಕೆ ಎರಡು ಲಕ್ಷ ಹನ್ನೊಂದು ಸಾವಿರ. ಅಯೊಡಿನ್-೧೨೯ಕ್ಕೆ ಒಂದೂವರೆ ಕೋಟಿಗೂ ಹೆಚ್ಚು.

ಎರಡನೆಯದು ಮಣ್ಣಿನ ಹಿಡಿತ. ಇದನ್ನು ಬೇಸಾಯಗಾರರು ಬೇರೊಂದು ವೇಷದಲ್ಲಿ ಬಲ್ಲರು. ಹೊಲಕ್ಕೆ ಹಾಕಿದ ಪೊಟ್ಯಾಷು ಮಳೆಗೆ ಅಷ್ಟಾಗಿ ಕೊಚ್ಚಿಹೋಗುವುದಿಲ್ಲ. ನೈಟ್ರೇಟು ಮಾತ್ರ ಒಂದು ಜಡಿಮಳೆಗೇ ಕೆಳಗಿಳಿದುಹೋಗುತ್ತದೆ. ಹಿಂದಿನವರು ಹಳೆಯ ಗೋಡೆಯ ಮಣ್ಣನ್ನು ನೀರಿನಲ್ಲಿ ತೊಳೆದು ಪೆಟ್ಲುಪ್ಪನ್ನು ತೆಗೆಯುತ್ತಿದ್ದುದೂ ಈ ಗುಣವನ್ನು ನಂಬಿಯೇ. ಕಾರಣವೇನೆಂದರೆ, ಜೇಡಿಯ ಕಣಗಳ ಮೈಮೇಲೆ ಋಣವಿದ್ಯುತ್ತಿನ ಅಂಶವಿರುತ್ತದೆ. ನೀರಿನಲ್ಲಿ ಕರಗಿದಾಗ ಧನವಿದ್ಯುತ್ತಿನ ಅಂಶವನ್ನು ತಳೆಯುವ ಪದಾರ್ಥಗಳನ್ನು ಅದು ಎಳೆದುಕೊಳ್ಳುತ್ತದೆ. ಋಣಾಂಶವುಳ್ಳವುಗಳನ್ನು ಹತ್ತಿರ ಸೇರಿಸುವುದಿಲ್ಲ.

ಶಾಲೆಯಲ್ಲಿ ನಾವು ಹುಡುಗರಿಗೆ ತೋರಿಸುತ್ತಿದ್ದ ಒಂದು ಸಣ್ಣ ಪ್ರಯೋಗವು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಸೀಮೆಸುಣ್ಣದ ಕಡ್ಡಿಯ ಬುಡದ ಬಳಿ ಕಪ್ಪು ಮಸಿಯ ಒಂದು ಬೊಟ್ಟನ್ನಿಟ್ಟು, ಮಸಿಗೆ ತಗಲದಂತೆ ನೀರಿನ ತಟ್ಟೆಯಲ್ಲಿ ನಿಲ್ಲಿಸುವುದು. ನೀರು ಕಡ್ಡಿಯೊಳಗೆ ಏರುತ್ತ ಹೋದಂತೆ ಕಪ್ಪೆಂದುಕೊಂಡಿದ್ದ ಮಸಿಯೊಳಗಿಂದ ನೀಲಿ, ಕೆಂಪು, ಹಳದಿಗಳು ಬೇರೆಬೇರೆಯಾಗಿ ಹೊರಡುತ್ತವೆ. ಒಂದು ಬಣ್ಣವು ನೀರಿನ ಬೆನ್ನು ಹಿಡಿದು ಓಡುತ್ತದೆ. ಇನ್ನೊಂದು ನಡುವೆಯೇ ನಿಲ್ಲುತ್ತದೆ. ಮತ್ತೊಂದು ಹೊರಟ ಜಾಗವನ್ನು ಬಿಡುವುದೇ ಇಲ್ಲ. ಹ್ಯಾನ್‌ಫರ್ಡಿನ ಇಂಗುಗುಂಡಿಗಳ ಕೆಳಗೆ ನಡೆದುದು ಇದೇ, ಮುನ್ನೂರು ಅಡಿ ಉದ್ದದ ಕಡ್ಡಿಯಲ್ಲಿ, ತಲೆಕೆಳಗಾಗಿ.

ಟ್ರೀಷಿಯಮನ್ನು ಮಣ್ಣು ಹಿಡಿಯಲಾರದು. ಅದು ಜಲಜನಕದ ಒಂದು ಭೇದವೇ ಆದುದರಿಂದ ನೀರಾಗಿಯೇ ಹರಿಯುತ್ತದೆ. ನೀರಿನಿಂದ ನೀರನ್ನು ಸೋಸುವುದು ಹೇಗೆ? ನಡುಬಯಲಿನ ಗುಂಡಿಗಳಿಂದ ಹೊರಟ ಟ್ರೀಷಿಯಂ ಕೆಲವೇ ದಶಕಗಳೊಳಗೆ ಹತ್ತು ಮೈಲಿಗೂ ಹೆಚ್ಚು ದೂರ ನೆಲದೊಳಗೇ ಸಾಗಿ ಕೊಲಂಬಿಯಾ ನದಿಯನ್ನು ಮುಟ್ಟಿತು. ಟೆಕ್ನೀಷಿಯಂ ಆಮ್ಲಜನಕದೊಡನೆ ಕೂಡಿ ಋಣಾಂಶವನ್ನು ತಳೆಯುವುದರಿಂದ ಅದೂ ಹೆಚ್ಚುಕಡಮೆ ನೀರಿನ ವೇಗದಲ್ಲಿಯೇ ಹೋಗುತ್ತದೆ. ಅಯೊಡಿನ್ನಿನದೂ ಸುಮಾರಾಗಿ ಅದೇ ದಾರಿ. ಸೀಸಿಯಂ ಇದಕ್ಕೆ ತೀರ ವಿರುದ್ಧ. ಕಾಗೆಬಂಗಾರವೆಂದು ಮಕ್ಕಳು ಹೆಕ್ಕಿಕೊಳ್ಳುವ ಅಭ್ರಕದ ಪದರಗಳ ಅಂಚು ಬಿರಿದಿರುವೆಡೆಯಲ್ಲಿ ಅದು ಹೊಕ್ಕು ಕುಳಿತರೆ ಏಳುವುದು ಅಪರೂಪ. ಸ್ಟ್ರಾನ್ಷಿಯಮಿನ ಹಿಡಿತ ಅಷ್ಟು ಗಟ್ಟಿಯಲ್ಲ; ಸುಣ್ಣದ ಧಾತುವಾದ ಕ್ಯಾಲ್ಸಿಯಮಿನ ದಾಯಾದಿಯಾದುದರಿಂದ ಅದರೊಡನೆ ಜಾಗವನ್ನು ಅದಲುಬದಲು ಮಾಡಿಕೊಳ್ಳುತ್ತ ನಿಧಾನವಾಗಿ ಸರಿಯುತ್ತದೆ. ಪ್ಲುಟೋನಿಯಂ ಬಹುಮಟ್ಟಿಗೆ ಸುರಿದ ಜಾಗದ ಹತ್ತಿರವೇ ನಿಂತಿದೆ.

ಯುರೇನಿಯಮಿನ ನಡತೆ ಸ್ವಲ್ಪ ವಿಚಿತ್ರವಾದುದು. ಗಾಳಿ ತಗಲಿದ, ಬೈಕಾರ್ಬೊನೇಟು ಬೆರೆತ ನೀರು ದೊರೆತರೆ ಅದು ಕರಗಿ ಹೊರಡುತ್ತದೆ. ಆಮ್ಲಜನಕವಿಲ್ಲದ ಆಳದಲ್ಲಿ ಮತ್ತೆ ಗಟ್ಟಿಯಾಗಿ ಕುಳಿತುಬಿಡುತ್ತದೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಕಡೆಗಳ ಆಳವಾದ ಕೊಳವೆಬಾವಿಗಳ ನೀರಿನಲ್ಲಿ ಯುರೇನಿಯಂ ಕಂಡುಬಂದ ವರ್ತಮಾನವನ್ನು ವಾಚಕರು ಓದಿರಬಹುದು. ಅಲ್ಲಿ ಯಾರೂ ಕೊಳಚೆಯನ್ನು ಸುರಿದಿಲ್ಲ. ಗ್ರಾನೈಟ್ ಬಂಡೆಯಲ್ಲಿ ಸೃಷ್ಟಿಯಿಂದಲೇ ಇದ್ದ ಅಲ್ಪಾಂಶವನ್ನು ಬೈಕಾರ್ಬೊನೇಟಿನ ನೀರು ಕರಗಿಸಿಕೊಂಡಿದೆ, ಅಷ್ಟೆ. ಆದರೂ ವಿಶ್ವ ಆರೋಗ್ಯ ಸಂಸ್ಥೆಯು ಲೀಟರಿಗೆ ಮೂವತ್ತು ಮೈಕ್ರೊಗ್ರಾಂ ಎಂಬ ಮಿತಿಯನ್ನು ಹೇಳಿದೆ. ಇದು ಮುಖ್ಯವಾಗಿ ಮೂತ್ರಪಿಂಡದ ರಕ್ಷಣೆಗಾಗಿ. ನೀರನ್ನು ಕುದಿಸಿದರೆ ಯುರೇನಿಯಂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದುದರಲ್ಲಿ ಅದರ ಪ್ರಮಾಣ ಹೆಚ್ಚುತ್ತದೆಂಬುದನ್ನು ಗೃಹಿಣಿಯರು ನೆನಪಿನಲ್ಲಿಡಬೇಕು. ಆರ್.ಓ. ಎಂದು ಈಗ ಎಲ್ಲರೂ ಹೇಳುವ ಶುದ್ಧೀಕರಣದಿಂದ ಅದು ಹೋಗುತ್ತದೆ.

ಅರ್ಧಾಯುಸ್ಸು, ಹಿಡಿತ ಇವೆರಡನ್ನೂ ಕೂಡಿಸಿ ನೋಡಿದರೆ ಇದೊಂದು ಓಟದ ಪಂದ್ಯವೆಂಬುದು ಹೊಳೆಯುತ್ತದೆ. ಒಂದು ಲೆಕ್ಕವನ್ನು ಮಾಡೋಣ. ಗುಂಡಿಯಿಂದ ನದಿಗೆ ನೀರು ಇಪ್ಪತ್ತು ವರ್ಷಗಳಲ್ಲಿ ಹೋಗುವುದೆಂದು ಇಟ್ಟುಕೊಳ್ಳಿ. ಸ್ಟ್ರಾನ್ಷಿಯಂ ನೀರಿನ ವೇಗದ ಹದಿನೈದರಲ್ಲೊಂದು ಪಾಲಿನಷ್ಟು ನಡೆದರೆ ಅದಕ್ಕೆ ಮುನ್ನೂರು ವರ್ಷ ಬೇಕು. ಅಷ್ಟರಲ್ಲಿ ಹತ್ತು ಅರ್ಧಾಯುಸ್ಸುಗಳು ಕಳೆದು ಸಾವಿರದಲ್ಲೊಂದು ಪಾಲು ಮಾತ್ರ ದಂಡೆಯನ್ನು ಸೇರುತ್ತದೆ. ಟ್ರೀಷಿಯಂ ಇಪ್ಪತ್ತು ವರ್ಷಗಳಲ್ಲಿಯೇ ಬಂದುಬಿಡುತ್ತದೆ, ಆದರೆ ಹೊರಟುದರಲ್ಲಿ ಮೂರನೆಯ ಒಂದು ಪಾಲಾಗಿ ಬರುತ್ತದೆ. ಇನ್ನೊಂದು ನೂರು ವರ್ಷಗಳಲ್ಲಿ ಅದರ ಕಥೆ ಮುಗಿಯಿತು. ಟೆಕ್ನೀಷಿಯಂ ಮಾತ್ರ ಇಪ್ಪತ್ತು ವರ್ಷಗಳಲ್ಲಿ ಬರುತ್ತದೆ, ಹೊರಟಷ್ಟೂ ಬರುತ್ತದೆ. ಲೋಕದಲ್ಲಿ ಪ್ಲುಟೋನಿಯಮೆಂದರೆ ಎಲ್ಲರಿಗೂ ಭಯ, ಟೆಕ್ನೀಷಿಯಮಿನ ಹೆಸರನ್ನು ಕೇಳಿದವರು ವಿರಳ. ನೆಲದೊಳಗಿನ ನೀರಿನ ದೃಷ್ಟಿಯಿಂದ ಈ ಭಯವನ್ನು ಸ್ವಲ್ಪ ಬೇರೆಯಾಗಿ ಹಂಚಬೇಕೆಂದು ನಮ್ಮ ಅಭಿಪ್ರಾಯ.

ಎಣಿಕೆಯು ಎಲ್ಲಿ ತಪ್ಪಿತೆಂಬುದನ್ನು ಈಗ ನೋಡಬಹುದು. ಒಣ ಮಣ್ಣನ್ನು ನಂಬಿದವರೇ ಆ ಮಣ್ಣನ್ನು ತೋಯಿಸಿ ಅದರ ಒಣಗುಣವನ್ನು ಕಳೆದರು. ಕೊಳಗಳಿಂದ ಇಳಿದ ನೀರು ಎಷ್ಟಿತ್ತೆಂದರೆ, ಕೆಲವೆಡೆ ಅಂತರ್ಜಲದ ಮಟ್ಟವು ಅರುವತ್ತು ಅಡಿಗೂ ಹೆಚ್ಚಾಗಿ ಮೇಲೆದ್ದು ನೆಲದೊಳಗೇ ಒಂದು ನೀರಿನ ಗುಡ್ಡವಾಯಿತು. ಗುಡ್ಡದಿಂದ ನೀರು ಮೊದಲಿನ ದಿಕ್ಕನ್ನು ಬಿಟ್ಟು ಸುತ್ತಲೂ ಇಳಿಯತೊಡಗಿತು, ವೇಗವೂ ಹೆಚ್ಚಿತು. ೧೯೯೦ರ ದಶಕದಲ್ಲಿ ಸುರಿಯುವುದನ್ನು ನಿಲ್ಲಿಸಿದ ಮೇಲೆ ಆ ಗುಡ್ಡಗಳು ಮೆಲ್ಲಮೆಲ್ಲನೆ ಕುಗ್ಗತೊಡಗಿದುವು.

ತೊಟ್ಟಿಗಳ ಕಥೆ ಇನ್ನೊಂದು. ಒಂಟಿಗೋಡೆಯ ತೊಟ್ಟಿಗಳಲ್ಲಿ ೬೭ ಸೋರಿರಬೇಕೆಂದು ಎಣಿಸಿದ್ದಾರೆ. ಸೋರಿದುದು ಸುಮಾರು ಹತ್ತು ಲಕ್ಷ ಗ್ಯಾಲನ್. ೧೯೭೩ರಲ್ಲಿ ಟಿ-೧೦೬ ಎಂಬ ಒಂದೇ ತೊಟ್ಟಿಯಿಂದ ೧,೧೫,೦೦೦ ಗ್ಯಾಲನ್ ಹೋಯಿತು. ಮಟ್ಟವು ಇಳಿಯುತ್ತಿರುವುದು ಅಳತೆಯ ಕಾಗದಗಳಲ್ಲಿ ಬರೆದೇ ಇದ್ದರೂ ವಾರಗಟ್ಟಲೆ ಯಾರೂ ಅದನ್ನು ಗಮನಿಸಲಿಲ್ಲ. ದಿನವೂ ಲೆಕ್ಕ ಬರೆದು ಒಮ್ಮೆಯೂ ಓದದಿದ್ದರೆ ಬರೆದ ಫಲವೇನು? ಆ ತೊಟ್ಟಿಯ ಕೆಳಗೆ ಅಗೆದು ನೋಡಿದಾಗ ಸೀಸಿಯಂ ಹತ್ತಿರದಲ್ಲಿಯೇ ನಿಂತಿದ್ದಿತು, ಟೆಕ್ನೀಷಿಯಂ ಆಳಕ್ಕೆ ಹೋಗಿದ್ದಿತು. ಸೀಮೆಸುಣ್ಣದ ಪಾಠ ಅಕ್ಷರಶಃ. ಆದರೆ ಎಸ್‌ಎಕ್ಸ್ ಎಂಬ ಇನ್ನೊಂದು ತೊಟ್ಟಿಗಳ ಗುಂಪಿನ ಕೆಳಗೆ ಸೀಸಿಯಂ ಕೂಡ ಎಣಿಕೆಗೆ ಮೀರಿ ಆಳಕ್ಕಿಳಿದಿದ್ದಿತು. ಅಲ್ಲಿ ಸೋರಿದುದು ಬಿಸಿಯಾದ, ಸೋಡಿಯಂ ಲವಣ ದಟ್ಟವಾಗಿದ್ದ ದ್ರವ. ಮಣ್ಣಿನಲ್ಲಿದ್ದ ಜಾಗಗಳನ್ನೆಲ್ಲ ಸೋಡಿಯಂ ಮೊದಲೇ ಆಕ್ರಮಿಸಿದುದರಿಂದ ಸೀಸಿಯಮಿಗೆ ಕುಳಿತುಕೊಳ್ಳಲು ಎಡೆಯಿರಲಿಲ್ಲ. ಸಂತೆಯ ದಿನದ ಛತ್ರದಲ್ಲಿ ತಡವಾಗಿ ಬಂದವನು ಮುಂದಿನೂರಿಗೆ ನಡೆಯುವಂತಾಯಿತು.

ಇದಲ್ಲದೆ, ತೊಟ್ಟಿಗಳ ಮೇಲೆ ಗಿಡ ಬೆಳೆಯದಂತೆ ಬರಿಯ ಜಲ್ಲಿಯನ್ನು ಹಾಸಿದ್ದರು. ಅಚ್ಚುಕಟ್ಟಾಗಿ ಕಾಣುವ ಏರ್ಪಾಟು. ಆದರೆ ಒಣನಾಡಿನಲ್ಲಿ ಬಿದ್ದ ಮಳೆಯನ್ನು ಕೆಳಗಿಳಿಯಗೊಡದೆ ಕುಡಿದು ಮತ್ತೆ ಗಾಳಿಗೆ ಕೊಡುವುವು ಗಿಡಗಳ ಬೇರುಗಳೇ. ಬೇರಿಲ್ಲದ ಜಲ್ಲಿಯ ಮೂಲಕ ಮಳೆಯು ಎಷ್ಟೋ ಪಾಲು ಹೆಚ್ಚಾಗಿ ಇಳಿದು, ಸೋರಿದ ಕಲ್ಮಷವನ್ನು ಕೆಳಕ್ಕೆ ತಳ್ಳಿತು. ಟಿ-೧೦೬ರ ಸೋರಿಕೆಯ ಮೇಲೆ ಮಳೆ ಇಳಿಯದಂತೆ ಹೊದಿಕೆಯನ್ನು ಹಾಕಿದುದು ೨೦೦೮ರಲ್ಲಿ, ಎಂದರೆ ಮೂವತ್ತೈದು ವರ್ಷಗಳ ಮೇಲೆ. ತೊಟ್ಟಿಯ ಕೊಳಚೆಯು ಅಂತರ್ಜಲವನ್ನು ಮುಟ್ಟಲಾರದೆಂದು ಬಹುಕಾಲ ಹೇಳುತ್ತಿದ್ದ ಅಧಿಕಾರಿಗಳು, ಮುಟ್ಟಿರುವುದೆಂದು ೧೯೯೭ರಲ್ಲಿ ಒಪ್ಪಿಕೊಂಡರು.

ಬೇರುಗಳಲ್ಲಿಯೂ ಎಲ್ಲವೂ ಉಪಕಾರಿಗಳಲ್ಲ. ಒಣಗಿದ ಮೇಲೆ ಬುಡ ಮುರಿದು ಗಾಳಿಯಲ್ಲಿ ಉರುಳಿಹೋಗುವ ಒಂದು ಜಾತಿಯ ಮುಳ್ಳುಗಿಡ ಅಲ್ಲಿದೆ. ಅದರ ಬೇರು ಆಳಕ್ಕೆ ಹೋಗಿ ಕಲ್ಮಷವನ್ನು ಹೀರಿ, ಗಿಡವು ಉರುಳುತ್ತ ಅದನ್ನು ದೂರಕ್ಕೆ ಒಯ್ಯುತ್ತದೆ. ಆಳುಗಳು ಇಂತಹ ಗಿಡಗಳನ್ನು ಹುಡುಕಿ ಹಿಡಿಯಬೇಕಾಗುತ್ತದೆ. ಉಪ್ಪಿನಾಸೆಗೆ ಬಿಲಗಾರ ಪ್ರಾಣಿಗಳು ಗುಂಡಿಗಳನ್ನು ತೋಡಿ, ಮೊಲಗಳು ಆ ಉಪ್ಪನ್ನು ನೆಕ್ಕಿ, ಅವುಗಳ ಹಿಕ್ಕೆಯೊಡನೆ ಸೀಸಿಯಂ ಸ್ಟ್ರಾನ್ಷಿಯಂಗಳು ಬಯಲೆಲ್ಲ ಹರಡಿದುದೂ ಉಂಟು. ಎಂಜಿನಿಯರುಗಳ ನಕ್ಷೆಯಲ್ಲಿ ಮೊಲವಿರಲಿಲ್ಲ.

ಪ್ಲುಟೋನಿಯಂ ನಿಂತಲ್ಲಿಯೇ ನಿಲ್ಲುವುದೆಂದೆವಷ್ಟೆ. ಇದಕ್ಕೂ ಒಂದು ಅಪವಾದವು ಬೇರೆಡೆ ಕಂಡುಬಂದಿದೆ. ಅಮೆರಿಕದ ನೆವಾಡ ಮರುಭೂಮಿಯಲ್ಲಿ ೧೯೬೮ರಲ್ಲಿ ನೆಲದಡಿ ನಡೆಸಿದ ಒಂದು ಬಾಂಬು ಪರೀಕ್ಷೆಯ ಪ್ಲುಟೋನಿಯಂ, ಮುಕ್ಕಾಲು ಮೈಲಿಗೂ ಹೆಚ್ಚು ದೂರದ ಬಾವಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ದೊರೆಯಿತೆಂದು ೧೯೯೯ರಲ್ಲಿ ಪ್ರಕಟವಾಯಿತು. ಅದು ನೀರಿನಲ್ಲಿ ಕರಗಿ ಬಂದುದಲ್ಲ. ಕಣ್ಣಿಗೆ ಕಾಣದಷ್ಟು ನುಣುಪಾದ ಜೇಡಿಯ ಕಣಗಳಿಗೆ ಅಂಟಿಕೊಂಡು ಅವುಗಳೊಡನೆ ತೇಲಿ ಬಂದುದು. ಬಗ್ಗಡದ ನೀರಿಗೆ ಚಿಲ್ಲದ ಬೀಜವನ್ನು ತೇಯ್ದು ಹಾಕಿ ತಿಳಿಮಾಡುವುದನ್ನು ನಮ್ಮ ಹಿರಿಯರು ಬಲ್ಲರು; ಸುಶ್ರುತನು ಕತಕವೆಂದು ಹೇಳುವುದು ಅದನ್ನೇ. ಎಷ್ಟು ಹೊತ್ತು ಬಿಟ್ಟರೂ ತಾನಾಗಿ ತಳಕ್ಕಿಳಿಯದ ಆ ಕೆಸರಿನ ನುಣ್ಣನೆಯ ಪಾಲೇ ಇಲ್ಲಿ ವಾಹನವಾಯಿತು. ಮಣ್ಣಿಗೆ ಅಂಟುವ ಪದಾರ್ಥವು ನಿಂತಿರುವುದು ಮಣ್ಣು ನಿಂತಿದ್ದರೆ ಮಾತ್ರ.

ಇನ್ನು ಪರಿಹಾರದ ವಿಷಯ. ಹ್ಯಾನ್‌ಫರ್ಡಿನ ಶುದ್ಧಿಕಾರ್ಯಕ್ಕೆ ೧೯೮೯ರಲ್ಲಿ ಒಡಂಬಡಿಕೆಯಾಯಿತು. ೨೦೧೨ರಿಂದ ನಡುಬಯಲಿನಲ್ಲಿ ಒಂದು ದೊಡ್ಡ ಯಂತ್ರಾಗಾರವು ಅಂತರ್ಜಲವನ್ನು ಮೇಲಕ್ಕೆತ್ತಿ, ಟೆಕ್ನೀಷಿಯಂ, ಯುರೇನಿಯಂ, ನೈಟ್ರೇಟು ಮುಂತಾದುವನ್ನು ತೆಗೆದು ಮತ್ತೆ ನೆಲಕ್ಕೆ ಬಿಡುತ್ತಿದೆ. ತೊಟ್ಟಿಗಳ ಕೊಳಚೆಯನ್ನು ಗಾಜಿನೊಳಗೆ ಬೆರೆಸಿ ಎರಕಹೊಯ್ಯುವ ಕಾರ್ಖಾನೆಯ ಕಟ್ಟಡವು ೨೦೦೨ರಲ್ಲಿ ಆರಂಭವಾಗಿ, ಅದರಲ್ಲಿ ಕಡಮೆ ತೀಕ್ಷ್ಣತೆಯ ಭಾಗವನ್ನು ಗಾಜು ಮಾಡುವ ಕೆಲಸವು ೨೦೨೫ರ ಅಕ್ಟೋಬರಿನಲ್ಲಿ ತೊಡಗಿತು. ಕೊಲಂಬಿಯಾ ಮಹಾನದಿಯಾದುದರಿಂದ ಅದರೊಳಗೆ ಒಸರುವುದು ಅಪಾರವಾದ ನೀರಿನಲ್ಲಿ ತೆಳುವಾಗಿ, ಕೆಳಗಿನ ಪಟ್ಟಣಗಳು ಕುಡಿಯುವ ನದಿನೀರಿನಲ್ಲಿ ನಿಗದಿಯಾದ ಮಿತಿಗಿಂತ ಬಹಳ ಕೆಳಗೇ ಇದೆ. ದಂಡೆಯ ಕೆಳಗಿನ ಅಂತರ್ಜಲಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ಯುರೇನಿಯಂ ತುಂಡುಗಳನ್ನು ತಯಾರಿಸುತ್ತಿದ್ದ ನದಿಯಂಚಿನ ಒಂದು ಕೇರಿಯಲ್ಲಿ, ಅಂತರ್ಜಲದ ಕಲ್ಮಷವು ಕೆಲವು ವರ್ಷಗಳಲ್ಲಿ ತಾನಾಗಿ ತೊಳೆದುಹೋಗುವುದೆಂದು ೧೯೯೬ರಲ್ಲಿ ತೀರ್ಮಾನಿಸಿದ್ದರು. ಅದು ಹೋಗಲಿಲ್ಲ. ನದಿಯ ಮಟ್ಟವು ಏರಿದಾಗಲೆಲ್ಲ ಅಂತರ್ಜಲವೂ ಏರಿ, ಮೇಲಿನ ಮಣ್ಣಿನಲ್ಲಿ ಅಂಟಿದ್ದ ಯುರೇನಿಯಮನ್ನು ಸ್ವಲ್ಪ ಕರಗಿಸಿಕೊಂಡು ಇಳಿಯುತ್ತಿದ್ದಿತು. ಕಲ್ಮಷದ ನೀರು ತೊಳೆದುಹೋದರೂ ಮಣ್ಣು ಮತ್ತೆ ಮತ್ತೆ ಅದನ್ನು ಪೂರೈಸುತ್ತಿದ್ದಿತು.

ಎನ್ ಎಂಬ ಕೊನೆಯ ಕುಲುಮೆಯ ಬಳಿ ಮಾಡಿರುವುದು ನಮಗೆ ಎಲ್ಲಕ್ಕಿಂತ ಹೆಚ್ಚು ಸ್ವಾರಸ್ಯವಾಗಿ ಕಂಡಿತು. ಅಲ್ಲಿಯ ಕಾಲುವೆಗಳು ನದಿಗೆ ತೀರ ಹತ್ತಿರವಿದ್ದುದರಿಂದ, ನಿಧಾನವಾಗಿ ನಡೆಯುವ ಸ್ಟ್ರಾನ್ಷಿಯಂ ಕೂಡ ದಂಡೆಯನ್ನು ಸೇರಿತು. ೧೯೯೫ರಿಂದ ಸುಮಾರು ಹತ್ತು ವರ್ಷ ಅಲ್ಲಿಯ ನೀರನ್ನು ಎತ್ತಿ ಶುದ್ಧಿಮಾಡಿದರು. ಹಾಗೆ ಹೊರಬಂದುದಕ್ಕಿಂತ ಎಷ್ಟೋ ಪಾಲು ಸ್ಟ್ರಾನ್ಷಿಯಂ ಅದೇ ಕಾಲದಲ್ಲಿ ತಾನಾಗಿಯೇ ಕ್ಷಯಿಸಿತ್ತು. ಅದರ ಬಹುಭಾಗವು ಮಣ್ಣಿಗೆ ಅಂಟಿರುವಾಗ ನೀರನ್ನೆಷ್ಟು ಎತ್ತಿದರೇನು? ೨೦೦೬ರಿಂದ ಬೇರೆ ಉಪಾಯಕ್ಕೆ ಕೈಯಿಕ್ಕಿದರು. ಸ್ಟ್ರಾನ್ಷಿಯಂ ಶರೀರಕ್ಕೆ ಸೇರಿದರೆ ಕ್ಯಾಲ್ಸಿಯಮಿನ ವೇಷದಲ್ಲಿ ಮೂಳೆಯನ್ನು ಹೊಗುತ್ತದೆ. ಅದರ ಅಪಾಯವೆಲ್ಲ ಇದರಲ್ಲಿದೆ. ಮೂಳೆ ಹಲ್ಲುಗಳ ಗಟ್ಟಿಯಾದ ಭಾಗವು ಅಪಟೈಟ್ ಎಂಬ ಖನಿಜದ ಜಾತಿಯದು. ಹಾಗಾದರೆ ಆ ಖನಿಜವನ್ನೇ ದಂಡೆಯ ಮಣ್ಣಿನಲ್ಲಿ ಬೆಳೆಸಿದರೆ? ನದಿಗೆ ಸಮಾನಾಂತರವಾಗಿ ಸಾಲುಬಾವಿಗಳನ್ನು ಕೊರೆದು, ಕ್ಯಾಲ್ಸಿಯಂ, ಸಿಟ್ರೇಟು, ಫಾಸ್ಫೇಟುಗಳ ದ್ರಾವಣವನ್ನು ಅವುಗಳ ಮೂಲಕ ಇಳಿಸಿದರು. ಮಣ್ಣಿನ ಸೂಕ್ಷ್ಮಜೀವಿಗಳು ಸಿಟ್ರೇಟನ್ನು ತಿಂದಂತೆ ಕ್ಯಾಲ್ಸಿಯಂ ಬಿಡುಗಡೆಯಾಗಿ, ಫಾಸ್ಫೇಟಿನೊಡನೆ ಕೂಡಿ, ಕಣಕಣದ ನಡುವೆ ಅಪಟೈಟ್ ಹರಳುಗಟ್ಟಿತು. ನೀರು ಈ ಗೋಡೆಯ ಮೂಲಕ ಹಾದುಹೋಗುತ್ತದೆ; ಸ್ಟ್ರಾನ್ಷಿಯಂ ಮೂಳೆಯನ್ನು ಹೊಗುವಂತೆಯೇ ಹರಳನ್ನು ಹೊಕ್ಕು ಅಲ್ಲಿಯೇ ಉಳಿಯುತ್ತದೆ. ಮುನ್ನೂರು ಅಡಿಗಳ ಪರೀಕ್ಷೆಯಾಗಿ ಆರಂಭವಾದ ಗೋಡೆಯನ್ನು ಮುಂದೆ ಸುಮಾರು ೨,೫೦೦ ಅಡಿಗಳಿಗೆ ಬೆಳೆಸಿದರು. ಹೊಕ್ಕ ಸ್ಟ್ರಾನ್ಷಿಯಂ ಸಾವಿರದಲ್ಲೊಂದು ಪಾಲಾಗಲು ಮೇಲಿನ ಲೆಕ್ಕದಂತೆ ಸುಮಾರು ಮುನ್ನೂರು ವರ್ಷಗಳು ಬೇಕು. ಗೋಡೆಯ ಆಚೀಚಿನ ಬಾವಿಗಳಿಂದ ನೀರನ್ನು ಸೇದಿ ಪರೀಕ್ಷಿಸುವ ಕೆಲಸವೂ ಆವರೆಗೆ ಅದರೊಡನೆ ನಡೆಯಬೇಕಾಗಿದೆ.